ಬೆಳೆಯೋರೂ ಅವರೇ, ಬೇಡ ಅನ್ನೋರೂ ಅವರೇ: ಮಾವನ ತಟ್ಟೆಗೆ ತರಕಾರಿ ತರೋದು ಹೇಗೆ?

ಮುಳಬಾಗಿಲು ಸೊಸೆ | ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ತೋಟ, ಒಂದು ಬೋರು. ಟೊಮೇಟೊ, ಕೋಸು, ಬೀನ್ಸು ಹಾಕ್ತೀವಿ, ಬದುವಿನ ಕಡೆ ಒಂದೆರಡು ಸಾಲು ಬದನೆ, ಹೀರೆ. ಮಾವನಿಗೆ ಈಗ 67. ನಲವತ್ತು ವರ್ಷದಿಂದ ತರಕಾರಿ ಬೆಳೆದು ಮಾರ್ಕೆಟ್ಟಿಗೆ ಹಾಕಿದವರು, ವಡ್ಡಹಳ್ಳಿ ಮಂಡಿಯಲ್ಲಿ ಅವರನ್ನ ಗೊತ್ತಿಲ್ಲದವರು ಕಡಿಮೆ. ಊಟಕ್ಕೆ ಕೂತರೆ ಮಾತ್ರ ಮುದ್ದೆ, ಬೇಳೆ ಸಾರು, ಕಾಳು ಸಾರು, ಭಾನುವಾರ ಬಾಡು, ಅಷ್ಟೇ. ಸಾರಲ್ಲಿ ಬಂದ ಹೋಳನ್ನೆಲ್ಲ ತಟ್ಟೆ ಅಂಚಿಗೆ ಸರಿಸಿಬಿಡ್ತಾರೆ. ಹಸಿ ಈರುಳ್ಳಿ ಕಚ್ಚಿಕೊಂಡು ತಿಂತಾರೆ, ಕಾಲ ಬಂದಾಗ ಅವರೆಕಾಯಿ ತಿಂತಾರೆ. ಮಿಕ್ಕ ಯಾವುದನ್ನೂ ಮುಟ್ಟಲ್ಲ.

ಹೋದ ತಿಂಗಳು ಶುಗರ್ ಇದೆ ಅಂತ ಗೊತ್ತಾಯ್ತು. ಎರಡು ಮುದ್ದೆ ಒಂದಾಗಲಿ, ತರಕಾರಿ ಸೊಪ್ಪು ಜಾಸ್ತಿ ಆಗಲಿ ಅಂದ್ರು ಡಾಕ್ಟರು. ಮುದ್ದೆ ಒಂದಾಯ್ತು. ತರಕಾರಿ ಜಾಸ್ತಿ ಆಗಲಿಲ್ಲ. ರಾತ್ರಿ ಅರೆಹೊಟ್ಟೆಯಲ್ಲಿ ಮಲಗೋದನ್ನ ನೋಡೋಕಾಗ್ತಿಲ್ಲ ನನಗೆ. ಬೀನ್ಸು, ಕ್ಯಾರೆಟ್ಟು ಬೇಯಿಸಿ ಉಪ್ಪು ಖಾರ ಕಮ್ಮಿ ಹಾಕಿ ಕೊಟ್ಟೆ. ಎರಡು ಹೋಳು ಬಾಯಿಗಿಟ್ಟು, "ಇದನ್ನ ಸೀಮೆಹಸುಗೆ ಹಾಕಮ್ಮ" ಅಂದ್ರು. ಬೈದು ಹೇಳಲಿಲ್ಲ, ಸಮಾಧಾನವಾಗೇ ಹೇಳಿದ್ರು. ಅದೇ ನನಗೆ ಇನ್ನೂ ಬೇಜಾರಾಯ್ತು.

ರುಚಿಯಾಗಿ ಮಾಡೋದು ಹೇಗೆ ಅಂತ ತಿಳಿದವರು ಹೇಳಿಕೊಡಿ. ದಯವಿಟ್ಟು ಬಚ್ಚಿಟ್ಟು ತಿನ್ನಿಸೋ ಉಪಾಯ ಬೇಡ.

ತಿಪಟೂರು ಕೊಬ್ಬರಿ | ಸೋಮವಾರ, ರಾತ್ರಿ 9:41

ಕಾಯಿತುರಿ ಹಾಕ್ತೀರೋ ಇಲ್ವೋ ಮೊದಲು ಹೇಳಿ. ಬೀನ್ಸ್ ಪಲ್ಯಕ್ಕೆ ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ತರಿತರಿಯಾಗಿ ರುಬ್ಬಿ ಕೊನೇಲಿ ಕಲಸಿ, ಎರಡು ನಿಮಿಷ ಮುಚ್ಚಿಡಿ. ಕಾಯಿ ಇಲ್ಲದ ಬೀನ್ಸು ನಮ್ಮ ಮನೇಲೂ ಯಾರೂ ತಿನ್ನಲ್ಲ.

ಗೌರಿಬಿದನೂರು ಅಮ್ಮ | ಸೋಮವಾರ, ರಾತ್ರಿ 10:15

ಬೇಡ ಅಂದ್ರೂ ಹೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡಿ. ನನ್ನ ಮಗ ಆರು ವರ್ಷದವನು, ತರಕಾರಿ ಕಂಡರೆ ಅಳ್ತಿದ್ದ. ಸೋರೆಕಾಯಿ ತುರಿದು ರಾಗಿರೊಟ್ಟಿ ಹಿಟ್ಟಿಗೆ ಹಾಕ್ತೀನಿ, ಕ್ಯಾರೆಟ್ಟು ಬೇಯಿಸಿ ಅರೆದು ಬೇಳೆಗೆ ಸೇರಿಸ್ತೀನಿ. ಗೊತ್ತೇ ಆಗಲ್ಲ ಅವನಿಗೆ. ದಿನಾ ಹಟ ಮಾಡಿ ತಾಯಿ ಮಗ ಇಬ್ಬರೂ ಕಣ್ಣೀರಿಡೋದಕ್ಕಿಂತ ಇದು ವಾಸಿ ಅನ್ಸುತ್ತೆ.

ಚಿಂತಾಮಣಿ ಹುಣಸೆ | ಮಂಗಳವಾರ, ಬೆಳಿಗ್ಗೆ 6:05

ಮಗಳೇ, ಮೊದಲು ಒಲೆ ಹಚ್ಚಬೇಡ, ಮಾವನ್ನ ಕೇಳು. ಏನು ಇಷ್ಟ ಇಲ್ಲ ಅಂತಲ್ಲ, ಅದರಲ್ಲಿ ಏನು ಇಷ್ಟ ಇಲ್ಲ ಅಂತ ಕೇಳು. ಐವತ್ತು ವರ್ಷ ಅಡುಗೆ ಮಾಡಿದ್ದೀನಿ. ಸುಮ್ಮನೆ ತರಕಾರಿ ಬೇಡ ಅನ್ನೋರನ್ನ ನಾನು ಕಂಡಿಲ್ಲ. ಒಬ್ಬರಿಗೆ ವಾಸನೆ ಆಗಲ್ಲ, ಒಬ್ಬರಿಗೆ ಲೋಳೆ ಆಗಲ್ಲ, ಒಬ್ಬರಿಗೆ ಕಹಿ, ಒಬ್ಬರಿಗೆ ನಾರು ಹಲ್ಲಿಗೆ ಸಿಕ್ಕೋದು. ಅದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ನೀನು ಬರೆದಿದ್ದರಲ್ಲೇ ಒಂದು ಸುಳಿವಿದೆ. ಹಸಿ ಈರುಳ್ಳಿ ಕಚ್ಚಿ ತಿನ್ನೋ ಮನುಷ್ಯನಿಗೆ ಬಾಯಲ್ಲಿ ಕರುಮ್ ಅನ್ನಬೇಕು, ಮೂಗಿಗೆ ಸ್ವಲ್ಪ ಚುರುಕಾಗಬೇಕು. ನೀನು ಕೊಟ್ಟಿದ್ದು ಮೆತ್ತಗೆ ಬೆಂದ ಸಪ್ಪೆ. ಅದು ಕಾಯಿಲೆಯವರ ಊಟ. ಕಾಯಿಲೆಯವರ ಊಟ ಕೊಟ್ಟರೆ ಗಂಡಸು ಕಾಯಿಲೆಯವನಾಗಿಬಿಡ್ತಾನೆ.

ಬೆಂಡೆಕಾಯಿ ಹೇಳ್ತೀನಿ ಕೇಳು. ಹಿಂದಿನ ರಾತ್ರಿನೇ ತೊಳೆದು ಬಟ್ಟೆ ಮೇಲೆ ಹರವಿಬಿಡು. ಬೆಳಿಗ್ಗೆ ಒಣಗಿರೋ ಕಾಯಿ, ಒಣಗಿರೋ ಚಾಕು, ಒಣಗಿರೋ ಮಣೆ. ಹೆಚ್ಚಿದ ಮೇಲೆ ನೀರು ಸೋಕಿಸಬೇಡ. ಕಬ್ಬಿಣದ ಬಾಣಲೆ ಕಾದು ಎಣ್ಣೆ ಅಲೆ ಎದ್ದಮೇಲೆ ಸುರಿ, ಮುಚ್ಚಬೇಡ. ಮುಚ್ಚಿದರೆ ಹಬೆ ಒಳಗೇ ನಿಂತು ಲೋಳೆ ಎಳೆ ಎಳೆಯಾಗುತ್ತೆ. ಪದೇ ಪದೇ ಕೈಯಾಡಿಸಬೇಡ. ಒಂದು ಮಗ್ಗುಲು ಕೆಂಪಗಾದ ಮೇಲೆ ತಿರುವು. ಅರ್ಧ ಬೆಂದಾಗ ಒಂದು ಚಮಚ ಗಟ್ಟಿ ಹುಣಸೆರಸ ಬಿಡು, ಚುಯ್ ಅಂತ ಸದ್ದಾಗಿ ಲೋಳೆಯೆಲ್ಲ ಕಟ್ಟಿಕೊಳ್ಳುತ್ತೆ. ಉಪ್ಪು ಕಟ್ಟಕಡೆಗೆ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಮತ್ತೆ ಅದೇ ಗೋಳು.

ಹಾಗಲಕಾಯಿಗೆ ಉಪ್ಪು ತಿಕ್ಕಿ ಅರ್ಧ ಗಂಟೆ ಬಿಟ್ಟು ಹಿಂಡು. ನಮ್ಮ ಕಡೆ ಹುಣಸೆ, ಬೆಲ್ಲ, ಎಳ್ಳಿನ ಪುಡಿ ಹಾಕಿ ಗೊಜ್ಜು ಮಾಡ್ತೀವಿ. ಮಾವನಿಗೆ ಬೆಲ್ಲ ಬೇಡ, ಹುಣಸೆ ಜೊತೆ ಹುರಿದ ಈರುಳ್ಳಿ ಜಾಸ್ತಿ ಮಾಡು, ಅದರಲ್ಲೇ ಒಂದು ಸಿಹಿ ಬರುತ್ತೆ.

ಪಥ್ಯ ತುಮಕೂರು | ಮಂಗಳವಾರ, ಮಧ್ಯಾಹ್ನ 1:30

ನಾನು ತುಮಕೂರಲ್ಲಿ ಡಯಟೀಷಿಯನ್. ಚಿಂತಾಮಣಿಯವರು ಹೇಳಿದ "ಅದರಲ್ಲಿ ಏನು ಇಷ್ಟ ಇಲ್ಲ" ಅನ್ನೋ ಪ್ರಶ್ನೆ ನನ್ನ ಹತ್ತಿರ ಬರೋರಿಗೂ ಮೊದಲು ಕೇಳೋ ಪ್ರಶ್ನೆ. ಅದರ ಜೊತೆಗೆ ಇನ್ನೊಂದಿಷ್ಟು ವಿಚಾರಿಸಿ ಮುಳಬಾಗಿಲು ಅವರೇ. ಮಾವನ ಹಲ್ಲು ಹೇಗಿದೆ? ದವಡೆ ಹಲ್ಲು ಹೋದವರು "ತರಕಾರಿ ಇಷ್ಟ ಇಲ್ಲ" ಅಂತಾರೆ, ನಿಜದಲ್ಲಿ ಅಗಿಯೋಕಾಗ್ತಿರಲ್ಲ, ಹೇಳೋಕೆ ಸಂಕೋಚ. ಶುಗರ್‌ಗೆ ಮೆಟ್‌ಫಾರ್ಮಿನ್ ಕೊಟ್ಟಿದ್ದರೆ ಕೆಲವರಿಗೆ ಬಾಯಲ್ಲಿ ಲೋಹದ ರುಚಿ ಬರುತ್ತೆ. ಹಾಗಿದ್ದರೆ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ವಯಸ್ಸಾದ ಹಾಗೆ ಮೂಗು ಮಂದವಾಗೋದೂ ಉಂಟು, ಸಪ್ಪೆ ಅಡುಗೆ ಇನ್ನೂ ಸಪ್ಪೆಯಾಗಿ ಕಾಣುತ್ತೆ.

ಕೋಸು, ಮೂಲಂಗಿ, ನವಿಲುಕೋಸು ಕಹಿ ಅನ್ನೋರ ಮಾತು ಸುಳ್ಳಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಅನ್ನೋ ರಸಾಯನ ವಿಜ್ಞಾನಿ ಕೆಲಸ ಮಾಡ್ತಿದ್ದಾಗ ಪಿಟಿಸಿ ಅನ್ನೋ ಪುಡಿ ಗಾಳಿಗೆ ಹಾರಿತು. ಜೊತೆಗಿದ್ದವರಿಗೆ ಬಾಯೆಲ್ಲ ಕಹಿ, ಫಾಕ್ಸ್ ಅವರಿಗೆ ಏನೂ ಅನ್ನಿಸಲಿಲ್ಲ. ಅದು ಹುಟ್ಟಿನಿಂದ ಬರೋ ವ್ಯತ್ಯಾಸ ಅಂತ ಆಮೇಲೆ ತಿಳಿಯಿತು, 2003ರಲ್ಲಿ ಅದಕ್ಕೆ ಕಾರಣವಾದ ಜೀನೂ ಸಿಕ್ಕಿತು. ಕೋಸಿನ ಜಾತಿಯ ತರಕಾರಿಗಳಲ್ಲಿ ಪಿಟಿಸಿಯನ್ನ ಹೋಲುವ ವಸ್ತುಗಳಿವೆ. ಒಂದೇ ಪಲ್ಯ ನಿಮ್ಮ ನಾಲಿಗೆಗೆ ಸಿಹಿ, ಪಕ್ಕದಲ್ಲಿ ಕೂತವರ ನಾಲಿಗೆಗೆ ಕಹಿ ಇರಬಹುದು. ಅವರನ್ನ ಹಟಮಾರಿ ಅನ್ನಬೇಡಿ.

ಉಪ್ಪು ಕಹಿಯನ್ನ ಅಡಗಿಸುತ್ತೆ ಅನ್ನೋದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು, ಎಲ್ಲ ಅಡುಗೆನೂ ಸೇರಿ. ಅದಕ್ಕೇ ಹುಳಿ, ಹುರಿದ ಬೆಳ್ಳುಳ್ಳಿ, ಒಗ್ಗರಣೆ ಕಡೆ ಹೋಗಿ. ಹುಳಿ ಇದ್ದಾಗ ಕಮ್ಮಿ ಉಪ್ಪೂ ಸಾಕಾಗುತ್ತೆ.

ಒಂದು ಎಚ್ಚರಿಕೆ ಎಲ್ಲರಿಗೂ. ಹಾಗಲ ಕಹಿ ಇರೋದು ಅದರ ಗುಣ. ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಕಹಿ ಇದ್ದರೆ ಅದನ್ನ ರುಚಿ ಮಾಡೋಕೆ ಹೋಗಲೇಬೇಡಿ. ಕಾಯಿಯೊಳಗಿನ ಕುಕರ್ಬಿಟಾಸಿನ್ ಆ ಕಹಿಗೆ ಕಾರಣ, ಬೇಯಿಸಿದರೂ ಹೋಗಲ್ಲ. ಕಹಿ ಸೋರೆಕಾಯಿ ರಸ ಕುಡಿದು ಪ್ರಾಣ ಹೋದದ್ದಿದೆ. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಸೋಕಿಸಿ ನೋಡಿ, ಕಹಿ ಇದ್ದರೆ ಉಗಿದು ಇಡೀ ಕಾಯಿ ತಿಪ್ಪೆಗೆ ಹಾಕಿ.

ಬಾಗೇಪಲ್ಲಿ ಬಿಸಿಯೂಟ | ಮಂಗಳವಾರ, ಸಂಜೆ 5:10

ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡೋಳು. ಹದಿನಾಲ್ಕು ವರ್ಷ ಆಯ್ತು. ಗೌರಿಬಿದನೂರು ಅಮ್ಮನಿಗೆ ಒಂದು ಮಾತು. ಅರೆದು ಹಾಕೋದು ತಪ್ಪಲ್ಲ ತಾಯಿ, ಹೊಟ್ಟೆಗೆ ಹೋಗುತ್ತೆ. ಆದರೆ ಹುಡುಗ ದೊಡ್ಡವನಾದ ಮೇಲೆ ಸೋರೆಕಾಯಿ ಅಂದರೆ ಏನು ಅಂತಾನೆ? ಅವನ ಬಾಯಿಗೆ ಅದರ ಪರಿಚಯವೇ ಆಗಿರಲ್ಲ. ಒಂದು ದಿನ ಗೊತ್ತಾಗಿಬಿಟ್ಟರೆ ರೊಟ್ಟಿನೂ ಬಿಡ್ತಾನೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಹಾಗೇ ಆಯ್ತು.

ನಾನು ಕಂಡಿದ್ದು ಹೇಳ್ತೀನಿ. ಸಾರಿಗೆ ಸೀಮೆಬದನೆ ದೊಡ್ಡ ಹೋಳು ಹಾಕಿದ ದಿನ ತಟ್ಟೆ ತೊಳೆಯೋ ಜಾಗದಲ್ಲಿ ಹೋಳಿನ ಗುಡ್ಡೆ ಬೀಳ್ತಿತ್ತು. ಅದೇ ಹೋಳನ್ನ ಕಡ್ಲೆಬೇಳೆ ಗಾತ್ರಕ್ಕೆ ಹೆಚ್ಚಿ, ಒಗ್ಗರಣೆಯಲ್ಲೇ ಈರುಳ್ಳಿ ಜೊತೆ ಕೆಂಪಗೆ ಹುರಿದು ಆಮೇಲೆ ಬೇಳೆಗೆ ಹಾಕಿದೆ. ಗುಡ್ಡೆ ಅರ್ಧ ಆಯ್ತು. ಬಚ್ಚಿಡಲಿಲ್ಲ, ಕಣ್ಣಿಗೆ ಕಾಣ್ತಿತ್ತು, ಆದರೂ ತಿಂದ್ರು. ಇನ್ನೊಂದು, ಮಕ್ಕಳೇ ಬಿಡಿಸಿದ್ದನ್ನ ಮಕ್ಕಳು ತಿಂತಾರೆ. ಶಾಲೆ ಕೈತೋಟದಲ್ಲಿ ದಂಟಿನ ಸೊಪ್ಪು ಹಾಕಿದ್ವಿ, ನೀರು ಹಾಕಿದ ಹುಡುಗಿಯರು "ನಮ್ಮ ಸೊಪ್ಪು ಎಲ್ಲಿ" ಅಂತ ಸಾರಲ್ಲಿ ಹುಡುಕಿ ಹುಡುಕಿ ತಿಂದರು.

ಪಥ್ಯ ತುಮಕೂರು | ಮಂಗಳವಾರ, ಸಂಜೆ 6:45

ಬಿಸಿಯೂಟದ ಅಕ್ಕ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ತಿನಿಸು ಕಂಡರೆ ಅಂಜಿಕೆ ಇರೋದು ಸಹಜ. ಒಂದೇ ತರಕಾರಿಯನ್ನ 8ರಿಂದ 15 ಸಲ ರುಚಿ ನೋಡಿದ ಮೇಲೆ ಒಪ್ಪಿಕೊಳ್ಳೋ ಮಕ್ಕಳೇ ಜಾಸ್ತಿ. ನಾವು ಮೂರನೇ ಸಲಕ್ಕೆ "ಇವನಿಗೆ ಸೇರಲ್ಲ" ಅಂತ ತೀರ್ಪು ಕೊಟ್ಟುಬಿಡ್ತೀವಿ. ಒಂದು ಚೂರು, ಉಗುರಿನಷ್ಟು. ಬೇಡ ಅಂದರೆ ಬಿಟ್ಟುಬಿಡಿ, ಮುಂದಿನ ವಾರ ಮತ್ತೆ ಇಡಿ. "ಇದು ತಿಂದರೆ ಚಾಕೊಲೇಟು" ಅನ್ನಬೇಡಿ, ತರಕಾರಿ ಶಿಕ್ಷೆ, ಚಾಕೊಲೇಟು ಬಹುಮಾನ ಅಂತ ನಾವೇ ಪಾಠ ಹೇಳಿಕೊಟ್ಟ ಹಾಗಾಗುತ್ತೆ.

ಮಧುಗಿರಿ ಬೆಟ್ಟದಡಿ | ಬುಧವಾರ, ಬೆಳಿಗ್ಗೆ 7:30

ನಮ್ಮ ಅವ್ವನ ಬಸ್ಸಾರು ಯಾಕೆ ಯಾರೂ ಹೇಳ್ಲಿಲ್ಲ? ಸಾರಲ್ಲಿ ಹೋಳು ಬೇಡ ಅನ್ನೋರಿಗೇ ಅಂತ ಮಾಡಿದ ಅಡುಗೆ ಅದು. ಹುರುಳಿಕಾಯಿ ಆಗಲಿ, ಕೋಸಾಗಲಿ, ದಂಟಿನ ಸೊಪ್ಪಾಗಲಿ, ಹೆಸರುಕಾಳಿನ ಜೊತೆ ಬೇಯಿಸಿ ಬಸಿದುಬಿಡಿ. ಕಹಿ, ವಾಸನೆ ಏನಿದ್ದರೂ ಬಹುಪಾಲು ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಇಳಿದಿರುತ್ತೆ. ಆ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸಿನಪುಡಿ, ಹುಣಸೆ, ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ ಹಾಕಿ ಕುದಿಸಿ. ಮುದ್ದೆ ಮುರಿದು ನುಂಗೋಕೆ ಅದಕ್ಕಿಂತ ಬೇರೆ ಬೇಕಾ? ಬಸಿದ ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ, ಪಲ್ಯ ಆಯ್ತು. ಒಂದೇ ಪಾತ್ರೆಯಿಂದ ಎರಡು ಅಡುಗೆ, ನೀರಿನ ಸತ್ವನೂ ಚೆಲ್ಲಲಿಲ್ಲ.

ಮಳೆ ಬಿದ್ದಿದೆ. ರಾಗಿ ಹೊಲದಲ್ಲಿ ಬೆರಕೆ ಸೊಪ್ಪು ಸಿಗೋ ಕಾಲ ಇದು. ಅಣ್ಣೆ, ಗಣಿಕೆ, ಕಿರಕಸಾಲೆ, ಹೊನಗೊನೆ, ಸಿಕ್ಕಿದ್ದೆಲ್ಲ ಕುಯ್ದು ತೊಗರಿಬೇಳೆ, ಟೊಮೇಟೊ, ಹಸಿಮೆಣಸಿನಕಾಯಿ ಜೊತೆ ಬೇಯಿಸಿ ಕಡಗೋಲಲ್ಲಿ ಮಸೆದು ಮಸ್ಸೊಪ್ಪು ಮಾಡಿ. ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಒಗ್ಗರಣೆ. ಗಣಿಕೆಯ ಸಣ್ಣ ಕಹಿ ಆ ಬೇಳೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಮಸ್ಸೊಪ್ಪಿಗೆ ಕಳೆ ಇಲ್ಲ.

ಮಾಲೂರು ಮಣ್ಣು | ಬುಧವಾರ, ರಾತ್ರಿ 10:50

ಅಕ್ಕ, ನಾನೂ ತರಕಾರಿ ಬೆಳೆಯೋ ಮನೆಯವನು. ನಿಮ್ಮನ್ನ ಒಂದು ಕೇಳಬೇಕು. ನಿಮ್ಮ ಅಡುಗೆಮನೆಗೆ ಬರೋ ಕಾಯಿ ಯಾವುದು?

ಯಾಕೆ ಕೇಳ್ತಿದ್ದೀನಿ ಅಂದರೆ, ನಮ್ಮನೇಲಿ ಎಳೇದು, ನೇರವಾಗಿರೋದು, ಹೊಳಪಿರೋದು ಎಲ್ಲ ಕ್ರೇಟಿಗೆ ಹೋಗ್ತಿತ್ತು. ಬಲಿತು ಬೀಜ ಉಬ್ಬಿದ ಬೀನ್ಸು, ಒಡೆದ ಟೊಮೇಟೊ, ಹುಳ ಬಿದ್ದ ಬದನೆ, ಗೆರೆ ಗಟ್ಟಿಯಾದ ಹೀರೆಕಾಯಿ, ಇವು ಮನೆಗೆ. ಮಂಡಿಯಲ್ಲಿ ತೆಗೆದುಹಾಕಿದ್ದನ್ನ ಅಮ್ಮ ಬೇಯಿಸೋಳು. ನನಗೂ ಇಪ್ಪತ್ತು ವರ್ಷದ ತನಕ ಬೀನ್ಸ್ ಅಂದರೆ ನಾರು, ನವಿಲುಕೋಸು ಅಂದರೆ ಕಟ್ಟಿಗೆ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ರೂಮಲ್ಲಿ ಕಾಸು ಕೊಟ್ಟು ತಂದ ಎಳೆ ಬೀನ್ಸನ್ನ ಮೊದಲ ಸಲ ಹುರಿದು ತಿಂದೆ. ಅದು ನಮ್ಮ ತಾಲ್ಲೂಕಿನ ಬೀನ್ಸೇ ಇರಬೇಕು. ಆವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅಮ್ಮ ಎಷ್ಟೋ ಹೊತ್ತು ಮಾತೇ ಆಡಲಿಲ್ಲ.

ನಾಳೆ ಬೆಳಿಗ್ಗೆ ಕೀಳುವಾಗ ಮೊದಲ ಬೊಗಸೆ ಮನೆಗೆ ತೆಗೆದಿಡಿ. ಕಾಲು ಕೆಜಿ ಕಮ್ಮಿಯಾದರೆ ಲೋಡಿಗೆ ಏನೂ ಆಗಲ್ಲ. ಮತ್ತೆ ಕುಕ್ಕರ್‌ ಬೇಡ. ತೆರೆದ ಪಾತ್ರೆಯ ನೀರಲ್ಲಿ ಬೇಯೋದು 100 ಡಿಗ್ರಿ ದಾಟಲ್ಲ, ಕುಕ್ಕರಲ್ಲಾದರೂ 120ರ ಆಸುಪಾಸು ಅಷ್ಟೇ, ಹುರಿದ ಘಮ, ಕೆಂಪು ಬಣ್ಣ ಬರೋಕೆ 140ರ ಆಸುಪಾಸು ಬೇಕು. ಬಾಣಲೆ ತುಂಬ ಸುರಿದರೂ ಅದು ಬೇಯುತ್ತೆ, ಹುರಿಯಲ್ಲ. ಎರಡು ಸಲಕ್ಕೆ ಹುರಿಯಿರಿ.

ಮುಳಬಾಗಿಲು ಸೊಸೆ | ಶನಿವಾರ, ರಾತ್ರಿ 8:35

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಮಾಲೂರು ಅವರ ಪ್ರಶ್ನೆ ಓದಿ ಎದೆಗೆ ನಾಟಿತು. ನಮ್ಮನೇಲೂ ಹಾಗೇ. ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷ, ಒಂದು ದಿನವೂ ಮೊದಲ ಕಾಯಿ ಒಲೆಗೆ ಬಂದಿಲ್ಲ.

ಚಿಂತಾಮಣಿ ಅಕ್ಕ, ನೀವು ಹೇಳಿದ ಹಾಗೆ ಕೇಳಿದೆ. ಕಾಫಿ ಕೊಟ್ಟು ಜಗಲಿ ಮೇಲೆ ಕೂತು, "ಮಾವ, ಕೋಸಲ್ಲಿ ಏನು ಆಗಲ್ಲ ನಿಮಗೆ" ಅಂದೆ. ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು. ನಮ್ಮೆಜಮಾನರು ಇನ್ನೂ ಚಿಕ್ಕವರಾಗಿದ್ದಾಗ ಒಂದು ವರ್ಷ ಸಾಲ ಮಾಡಿ ಒಂದೆಕರೆ ಕೋಸು ಹಾಕಿದ್ರಂತೆ. ಕಟಾವಿಗೆ ಬಂದಾಗ ರೇಟು ಬಿದ್ದು, ಗಾಡಿ ಬಾಡಿಗೆನೂ ಹುಟ್ಟಲಿಲ್ಲ. ಅರ್ಧ ದನಕ್ಕೆ ಬಿಟ್ಟರು. ಮನೇಲಿ ರಾಗಿಯೂ ಮುಗಿದಿತ್ತು, ಎರಡು ತಿಂಗಳು ಮೂರು ಹೊತ್ತೂ ಕೋಸು ಬೇಯಿಸಿ ತಿಂದ್ರು. "ಆ ವಾಸನೆ ಬಂದರೆ ಈಗಲೂ ಆ ವರ್ಷ ಕಣ್ಣಿಗೆ ಬರುತ್ತಮ್ಮ" ಅಂದ್ರು. ನನಗೆ ಗೊತ್ತೇ ಇರಲಿಲ್ಲ. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡ್ರು.

ಕೋಸು ನಮ್ಮನೇಲಿ ಇನ್ನು ಮಾಡಲ್ಲ. ತರಕಾರಿ ನೂರೆಂಟು ಇವೆ.

ಪಥ್ಯ ಮೇಡಂ, ಬಲಗಡೆ ಎರಡು ದವಡೆ ಹಲ್ಲಿಲ್ಲ. ಎಡಗಡೆ ಅಗಿತಾರೆ. ಮಾತ್ರೆ ಹೆಸರು ಚೀಟಿಯಲ್ಲಿ ನೋಡಿದೆ, ನೀವು ಹೇಳಿದ್ದೇ. ಬಾಯಿ ರುಚಿ ಸರಿಯಾಗೇ ಇದೆ ಅಂತಾರೆ.

ಚಿಂತಾಮಣಿ ಹುಣಸೆ | ಭಾನುವಾರ, ಬೆಳಿಗ್ಗೆ 5:50

ಒಳ್ಳೇ ಕೆಲಸ ಮಾಡಿದೆ ಮಗಳೇ. ಕೋಸಿನ ತಂಟೆ ಬಿಡು. ಬದನೆಕಾಯಿ ಇದೆ ಅಂದಿದ್ದೆಯಲ್ಲ. ನೀರೊಲೆ ಇದ್ದರೆ ಹಂಡೆ ಕಾದಮೇಲೆ ಕೆಂಡದಲ್ಲಿ ಎರಡು ದಪ್ಪ ಬದನೆ ಹೂತಿಡು. ಮೊದಲೇ ಕಡ್ಡಿಯಲ್ಲಿ ಎರಡು ಮೂರು ಕಡೆ ಚುಚ್ಚಿರು, ಇಲ್ಲದಿದ್ದರೆ ಸಿಡಿಯುತ್ತೆ. ಸಿಪ್ಪೆ ಕರಕಲಾಗಿ ಕಾಯಿ ಕುಸಿದ ಮೇಲೆ ತೆಗೆದು ಸಿಪ್ಪೆ ಬಿಡಿಸು. ತೊಳೆಯಬೇಡ, ಆ ಹೊಗೆ ವಾಸನೆಯೇ ರುಚಿ. ಸುಟ್ಟ ಹಸಿಮೆಣಸಿನಕಾಯಿ, ಹುಣಸೆ, ಉಪ್ಪು ಹಾಕಿ ಕೈಯಲ್ಲೇ ಕಿವುಚು. ಮೇಲೆ ಹಸಿ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕು. ಈರುಳ್ಳಿ ಅವರಿಗೆ ಇಷ್ಟ ಅಂದೆಯಲ್ಲ. ಹಲ್ಲಿಗೂ ಕಷ್ಟ ಇಲ್ಲ.

ಮಧುಗಿರಿ ಬೆಟ್ಟದಡಿ | ಭಾನುವಾರ, ಬೆಳಿಗ್ಗೆ 9:15

ಅದರ ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿ! ಹುಚ್ಚೆಳ್ಳನ್ನ ಸಣ್ಣ ಉರಿಯಲ್ಲಿ ಚಟಪಟ ಅನ್ನೋತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಸ್ವಲ್ಪ ಕೊಬ್ಬರಿ, ಚೂರು ಹುಣಸೆ, ಉಪ್ಪು ಸೇರಿಸಿ ಕುಟ್ಟಿಟ್ಟರೆ ಡಬ್ಬಿಯಲ್ಲಿ ಹದಿನೈದು ದಿನ ಇರುತ್ತೆ. ಬೀನ್ಸು, ಬದನೆ, ಸೀಮೆಬದನೆ ಯಾವುದಕ್ಕಾದರೂ ಇಳಿಸೋ ಮುಂಚೆ ಎರಡು ಚಮಚ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂವು ಬಿಡ್ತಿದ್ದದ್ದು ಇದೇ. ಈಗ ಹಾಕೋರು ಕಮ್ಮಿ ಆಗಿದ್ದಾರೆ, ಸಂಕಟ ಆಗುತ್ತೆ.

ಗೌರಿಬಿದನೂರು ಅಮ್ಮ | ಭಾನುವಾರ, ರಾತ್ರಿ 9:30

ಬಿಸಿಯೂಟದ ಅಕ್ಕ, ನಿಮ್ಮ ಮಾತು ಕೇಳಿ ಇವತ್ತು ಮಗನ ಕೈಗೇ ಸೋರೆಕಾಯಿ ತುರಿಯೋಕೆ ಕೊಟ್ಟೆ. ರೊಟ್ಟಿಗೆ ಏನು ಹಾಕ್ತೀನಿ ಅಂತ ಅವನಿಗೆ ಗೊತ್ತಾಯ್ತು. ಎರಡು ನಿಮಿಷ ನನ್ನ ಮುಖ ನೋಡಿದ. ಆಮೇಲೆ ಒಂದು ತಿಂದ. ದಿನಾ ತಿಂತಿದ್ದದ್ದು ಎರಡು. ಪರವಾಗಿಲ್ಲ, ಗೊತ್ತಿದ್ದು ತಿಂದ.

ಮುಳಬಾಗಿಲು ಸೊಸೆ | ಮೂರು ವಾರದ ಮೇಲೆ, ಗುರುವಾರ, ರಾತ್ರಿ 8:50

ತಡವಾಯ್ತು, ಟೊಮೇಟೊ ಕಟಾವಿತ್ತು.

ಬದನೆ ಸುಡೋಕೆ ಹೋದಾಗ ಮಾವನೇ ನೀರೊಲೆ ಹತ್ತಿರ ಬಂದ್ರು. ಹೊಗೆ ವಾಸನೆ ಬಂದಿತ್ತು ಅನ್ಸುತ್ತೆ. ನನ್ನ ಕೈಯಿಂದ ಕಡ್ಡಿ ಇಸ್ಕೊಂಡು, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಯಿ ತಿರುಗಿಸಿದ್ರು. "ನಮ್ಮವ್ವ ಹಿಂಗೇ ಮಾಡೋಳು, ಮೊಸರು ಹಾಕೋಳು, ಹುಣಸೆಯಲ್ಲ" ಅಂದ್ರು. ಅರ್ಧಕ್ಕೆ ಹುಣಸೆ, ಅರ್ಧಕ್ಕೆ ಮೊಸರು ಹಾಕಿದೆ. ಮೊಸರಿಂದು ಪೂರ್ತಿ ಖಾಲಿ. ಹುಣಸೆದು ನಾನೂ ಅತ್ತೆಯೂ ತಿಂದ್ವಿ.

ವಾರಕ್ಕೆ ಎರಡು ಸಲ ಬಸ್ಸಾರು ಮಾಡ್ತಿದ್ದೀನಿ. ಪಲ್ಯ ಮೊದಲ ದಿನ ಮುಟ್ಟಲಿಲ್ಲ, ಎರಡನೇ ಸಲ ಹುಚ್ಚೆಳ್ಳು ಪುಡಿ ಬೆರೆಸಿದ ಮೇಲೆ ಅಂಚಿಗೆ ಸರಿಸಲಿಲ್ಲ. ಬೀನ್ಸನ್ನ ಈಗ ಅಡ್ಡಕ್ಕೆ ಎಳ್ಳಿನಷ್ಟು ತೆಳ್ಳಗೆ ಹೆಚ್ಚುತೀನಿ, ನಾರು ಹಲ್ಲಿಗೆ ಸಿಗಲ್ಲ. ಬೆಂಡೆಕಾಯಿ ಇನ್ನೂ ಒಪ್ಪಿಲ್ಲ. ಮತ್ತೆ ಇಡ್ತೀನಿ.

ಇವತ್ತು ಬೆಳಿಗ್ಗೆ ಐದೂವರೆಗೆ ಬೀನ್ಸ್ ಕೀಳ್ತಿದ್ವಿ. ಕ್ರೇಟು ತುಂಬೋಕೆ ಮುಂಚೆ ಮಾವ ಹೆಗಲ ಮೇಲಿನ ಟವೆಲು ಬದುವಿನ ಮೇಲೆ ಹಾಸಿದ್ರು. ಎಳೇದು, ಇಬ್ಬನಿ ಆರದ್ದು, ಎರಡು ಬೊಗಸೆ ಆರಿಸಿ ಅದರಲ್ಲಿ ಹಾಕಿ ಗಂಟು ಕಟ್ಟಿ, "ಇದು ತೂಕಕ್ಕಿಲ್ಲ" ಅಂತ ನನ್ನ ಕೈಗೆ ಕೊಟ್ರು.

ನಾಳೆ ಹೀರೆಕಾಯಿ ಕೀಳ್ತಾರಂತೆ. ಚಿಂತಾಮಣಿ ಅಕ್ಕ, ಸಿಪ್ಪೆ ಚಟ್ನಿಗೆ ಹುಣಸೆ ಎಷ್ಟು ಹಾಕಲಿ?

ಚಿಂತಾಮಣಿ ಹುಣಸೆ | ಗುರುವಾರ, ರಾತ್ರಿ 9:02

ಎರಡು ಕಾಯಿ ಸಿಪ್ಪೆಗೆ ಗೋಲಿ ಗಾತ್ರ ಸಾಕು. ಮೊದಲು ಒಂದು ಚೂರು ನಾಲಿಗೆಗಿಟ್ಟು ಕಹಿ ಇಲ್ಲ ಅಂತ ನೋಡಿಕೋ. ಸಿಪ್ಪೆ ಗರಿಗರಿ ಆಗೋತನಕ ಹುರಿ, ಆತುರ ಬೇಡ.